ಮಿಲ್ಲಿನ ಅಂಗಳದಲ್ಲಿ ನಡೆದ ನನ್ನ ಹೆಜ್ಜೆಗಳು

ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಒಂದು ಮಳೆಗಾಲ ಪೂರ್ತಿ ಕಾದೆ, ಇಳಿಯಲಿಲ್ಲ. ಕುರುಗೋಡಿನ ನಮ್ಮ ಅಜ್ಜಿ, ನನಗೆ ಮಾತು ಕಲಿಸಿದವಳು, ಜಗಳದ ಸುದ್ದಿಯನ್ನು ನಡುವಿನಿಂದ ಶುರು ಮಾಡಿದರೆ ಬಾಯಿ ಮುಚ್ಚಿಸುತ್ತಿದ್ದಳು. ಮೊದಲಿನಿಂದ ಹೇಳು, ಇಲ್ಲಾಂದ್ರ ಕೇಳೋರಿಗೆ ತಪ್ಪು ನಿನ್ನದ ಅನಿಸ್ತದ ಅನ್ನುತ್ತಿದ್ದಳು. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ನಾನು ಸಿರುಗುಪ್ಪದಲ್ಲಿ ಮನೆಯಲ್ಲೇ ಕುಳಿತು ಜಂಪರು ಹೊಲಿಯುವವಳು. ಏಳೆಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೊಲಿಗೆ ಮಷೀನಿನ ಮೇಲೆ ನನ್ನ ಬಲಗಾಲು ಸುಮ್ಮನೆ ನಿಂತುಬಿಟ್ಟಿತು. ನಾನು ತುಳಿ ಅನ್ನುತ್ತಿದ್ದೇನೆ, ಅದು ಯಾರದೋ ಕಾಲಿನ ಹಾಗೆ ಕುಳಿತಿದೆ. ಆಮೇಲೆ ಒಂದು ಕಣ್ಣು ಮಂಜಾಯಿತು, ತಾನೇ ಅರ್ಧ ಸರಿಹೋಯಿತು. ಬೆರಳು ಜುಮ್ಮೆಂದವು. ಎರಡು ವರ್ಷ ಊರೆಲ್ಲ ಒಂದೊಂದು ಹೇಳಿತು. ಗಾಳಿ ಅಂದರು, ದೃಷ್ಟಿ ಅಂದರು, ಓಣಿಯ ನಾಲ್ಕು ಮಂದಿ ಬಾಯಿಬಿಟ್ಟೇ ಸೋಮಾರಿತನ ಅಂದರು. ನಮ್ಮ ಅತ್ತೆ ಯಾವುದನ್ನೂ ಅನ್ನಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಅವರು ಮಾಡಿದ್ದು ಏನು? ಲಕ್ಕಿ ಸೊಪ್ಪು ಹಾಕಿ ಹಂಡೆ ತುಂಬ ನೀರು ಕಾಸಿ, ಬಾಣಂತಿಗೆ ಹಾಕುವ ಹಾಗೆ ನನ್ನ ಕಾಲ ಮೇಲೆ ಸುರಿದರು. ಪ್ರತಿ ಸಲ ನಾನು ಬಚ್ಚಲಲ್ಲೇ ಕುಸಿದೆ. ನೀರು ಇನ್ನೂ ಬಿಸಿ ಸಾಲದು ಅಂತ ಅವರು ಮರುದಿನ ಇನ್ನೆರಡು ಕಟ್ಟಿಗೆ ಹೆಚ್ಚು ಒಟ್ಟಿದರು.

ಕೊನೆಗೆ ಬಳ್ಳಾರಿಯಲ್ಲಿ ತಲೆಯ ಸ್ಕ್ಯಾನು ಮಾಡಿಸಿದಾಗ ಗೊತ್ತಾಯಿತು, ಮಲ್ಟಿಪಲ್ ಸ್ಕ್ಲೆರೋಸಿಸ್. ಕರೆಂಟಿನ ವೈರಿನ ಮೇಲಿನ ರಬ್ಬರು ಅಲ್ಲಲ್ಲಿ ಕಿತ್ತುಹೋದರೆ ಹೇಗೋ ಹಾಗೆ, ನರದ ಮೇಲಿನ ಹೊದಿಕೆಯನ್ನು ಮೈಯೇ ತಿನ್ನುತ್ತದೆ ಅಂದರು ಡಾಕ್ಟರು. ಮಾತ್ರೆ, ಇಂಜೆಕ್ಷನ್ನು ಒಂದು ಕಡೆ. ದಿನಾ ತಪ್ಪದೆ ವ್ಯಾಯಾಮ ಇನ್ನೊಂದು ಕಡೆ. ಬಿಟ್ಟರೆ ಇದ್ದ ಬಲವೂ ಹೋಗುತ್ತದೆ. ಮತ್ತೆ ಮೈಗೆ ಬಿಸಿ ತಾಗಬಾರದು, ತಾಗಿದರೆ ಆ ಹೊತ್ತಿಗೆ ಕಾಲು ಸತ್ತ ಹಾಗೆ ಆಗುತ್ತದೆ. ಅದನ್ನು ಕೇಳಿ ನನಗೆ ನಗು ಬಂತು. ಬಳ್ಳಾರಿ ಸೀಮೆಯಲ್ಲಿ ಕೂರಿಸಿ ಬಿಸಿ ತಾಗಿಸಿಕೊಳ್ಳಬೇಡ ಅನ್ನುತ್ತಾರೆ.

ವ್ಯಾಯಾಮಕ್ಕೆ ಮೊದಮೊದಲು ಬಸ್ಸಿನಲ್ಲೇ ಬಳ್ಳಾರಿಗೆ ಹೋಗುತ್ತಿದ್ದೆ. ಬಸ್ಸಿನ ತಗಡು ಕಾದು, ಇಳಿಯುವ ಹೊತ್ತಿಗೆ ನನ್ನನ್ನು ಇಬ್ಬರು ಹಿಡಿಯಬೇಕು. ಅಲ್ಲಿ ಹೋಗಿ ಮಾಡುವುದೇನು, ಮಲಗಿ ಬರುವುದು. ಆಗ ಆ ಆಸ್ಪತ್ರೆಯವರು ಫೋನಿನಲ್ಲೇ ವ್ಯಾಯಾಮ ಹೇಳಿಕೊಡುವ ಒಂದು ಏರ್ಪಾಡು ಶುರು ಮಾಡಿದರು. ವಾರಕ್ಕೆ ಮೂರು ದಿನ ಬೆಳಿಗ್ಗೆ ಆರೂವರೆಗೆ ವಿಡಿಯೋದಲ್ಲಿ ಒಬ್ಬ ಮೇಡಂ ಬರುತ್ತಿದ್ದರು. ನನಗಿಂತ ಚಿಕ್ಕವರು, ನನ್ನನ್ನು ಅಕ್ಕಾ ಅನ್ನುವವರು. ಅಕ್ಕಿ ಡಬ್ಬಿಗೆ ಫೋನು ಒರಗಿಸಿ, ಕೊರಳಿಗೆ ಒದ್ದೆ ಟವೆಲ್ಲು ಸುತ್ತಿಕೊಂಡು, ಕುರ್ಚಿಯಿಂದ ಕೈ ಊರದೆ ಏಳುವುದು, ಗೂಡಿನ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ನೆಲದ ಕಲ್ಲುಬಂಡೆಗಳ ನಡುವಿನ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ಮುಟ್ಟಿಸಿ ನಡೆಯುವುದು. ನಾನು ಹಲ್ಲು ಕಚ್ಚಿದರೆ ಅವರಿಗೆ ಕಾಣುತ್ತಿತ್ತು. ಅಕ್ಕಾ, ಸಾಕು, ಕೂಡ್ರಿ, ನೀರು ಕುಡೀರಿ ಅನ್ನುತ್ತಿದ್ದರು. ಒಂದು ವರ್ಷ ಹೀಗೆ ಮಾಡಿ ಒಳಮನೆಯಿಂದ ಹಿತ್ತಲಿನ ತನಕ ಗೋಡೆ ಹಿಡಿಯದೆ ನಡೆಯುವಷ್ಟಾದೆ. ಮಷೀನು ಮತ್ತೆ ತುಳಿದೆ. ಓಣಿಯ ಹೆಂಗಸರು ಕಿಟಕಿಯಲ್ಲಿ ಇಣುಕಿ, ಫೋನಿಗೆ ಬಸ್ಕಿ ಹೊಡೀತಾಳ, ಏನು ಹರಕೀನೋ ಏನೋ ಅಂತ ನಕ್ಕರು. ನಕ್ಕರೆ ನಗಲಿ. ಆ ಮೂರು ಬೆಳಗುಗಳು ತಪ್ಪಿದರೆ ನಾನು ಮಂಚಕ್ಕೆ ಬೀಳುತ್ತೇನೆ, ಅಷ್ಟು ನನಗೆ ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷ ಬೇಸಿಗೆಗೆ ಮುಂಚೆ ಆಸ್ಪತ್ರೆಯವರು ಒಂದು ಪಟ್ಟಿ ಕಳಿಸಿದರು. ಕಾಲಿನ ಗೆಣ್ಣಿನ ಮೇಲೆ, ಕಾಲ್ಗಡಗದ ಜಾಗದಲ್ಲಿ ಕಟ್ಟಬೇಕು. ದಿನಕ್ಕೆ ಎಷ್ಟು ಹೆಜ್ಜೆ ಅಂತ ಅದೇ ಎಣಿಸುತ್ತದೆ. ಫೋನಿನ ಹತ್ತಿರ ತಂದಾಗ ಲೆಕ್ಕ ಫೋನಿಗೆ ಹೋಗಿ, ಅಲ್ಲಿಂದ ಬಳ್ಳಾರಿಗೆ ಹೋಗುತ್ತದೆ. ನಮಗೆ ಕಾಣುವುದು ಒಂದು ಬಣ್ಣ ಮತ್ತು ದಿನದ ಒಟ್ಟು ಲೆಕ್ಕ. ಯಾವ ಗಂಟೆಗೆ ಎಷ್ಟು ನಡೆದೆ ಅನ್ನುವುದು ಅವರ ಕಂಪ್ಯೂಟರಿಗೆ ಮಾತ್ರ. ಗುರಿ ಮುಟ್ಟದಿದ್ದರೆ ಕೆಂಪು. ಕೆಂಪು ಬಂದರೆ ಫೋನು ಮನೆಮಂದಿಗೆಲ್ಲ ಕೇಳುವ ಹಾಗೆ, ಇಂದು ನೀವು ಗುರಿಯನ್ನು ತಲುಪಿಲ್ಲ ಅಂತ ರೇಡಿಯೋ ವಾರ್ತೆಯ ದನಿಯಲ್ಲಿ ಹೇಳುತ್ತಿತ್ತು. ಮೇ ತಿಂಗಳ ಬಿಸಿಲಿಗೆ ನಾನು ಹತ್ತರಿಂದ ಐದರ ತನಕ ಮಲಗಿರುವವಳು. ದಿನಾ ಕೆಂಪು, ದಿನಾ ವಾರ್ತೆ.

ನಮ್ಮ ಅತ್ತೆ ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಮಿಲ್ಲಿನ ಸಿಮೆಂಟಿನ ಅಂಗಳದಲ್ಲಿ ಬೇಯಿಸಿದ ಭತ್ತ ಹರವಿರುತ್ತಾರೆ. ಹೆಂಗಸರು ಸಾಲಾಗಿ ನಿಂತು, ಪಾದ ಎತ್ತದೆ ಎಳೆಯುತ್ತ, ನೇಗಿಲ ಹಾಗೆ ಗೆರೆ ಬಿಡಿಸಿಕೊಂಡು ಆ ತುದಿಯಿಂದ ಈ ತುದಿಗೆ ಹೋಗಬೇಕು, ಮತ್ತೆ ತಿರುಗಿ ಬರಬೇಕು. ಭತ್ತ ಮಗುಚಿ ಒಣಗುವ ತನಕ ಇದೇ ಕೆಲಸ. ಅರವತ್ತು ದಾಟಿದ ಅತ್ತೆ ಇವತ್ತಿಗೂ ಇಡೀ ಮಧ್ಯಾಹ್ನ ಆ ಬಿಸಿಲಲ್ಲಿ ಹಾಗೆ ನಡೆಯುತ್ತಾರೆ.

ಒಂದು ದಿನ ಅವರೇ ಬಂದು, ನೀ ಮಲಗೋ ಹೊತ್ತಿಗೆ ಪಟ್ಟಿ ಬಿಚ್ಚಿ ಕೊಡವಾ, ಬೆವರಿಗೆ ಚರ್ಮ ಕೆಂಪಾಗೈತಿ, ನನ್ನ ಕೋಣ್ಯಾಗ ಚಾರ್ಜಿಗೆ ಹಾಕ್ತೀನಿ ಅಂದರು. ಕೊಟ್ಟೆ. ಅವತ್ತಿನಿಂದ ಹತ್ತಕ್ಕೆ ಕೊಡುವುದು, ಸಂಜೆ ಐದಕ್ಕೆ ಅವರು ಮಿಲ್ಲಿಂದ ಬಂದ ಮೇಲೆ ಇಸಕೊಳ್ಳುವುದು ರೂಢಿಯಾಯಿತು. ನಾಲ್ಕನೇ ದಿನ ಹಸಿರು ಬಂತು. ಐದಕ್ಕೆ ಫೋನು ಅಭಿನಂದನೆ ಅಂದಿತು.

ಇಲ್ಲಿ ನನ್ನ ತಪ್ಪು ಹೇಳಿಬಿಡುತ್ತೇನೆ. ನಾನು ನಂಬಿದೆ. ಮೈ ಬೇರೆ ಹೇಳುತ್ತಿತ್ತು, ಬೆಳಗಿನ ಕ್ಲಾಸಿನಲ್ಲಿ ಕಾಲು ಮುಂಚಿನ ಹಾಗೇ ನಡುಗುತ್ತಿತ್ತು. ಆದರೂ ಯಂತ್ರಕ್ಕೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ ಅಂದುಕೊಂಡೆ. ಮನೆಯೊಳಗೆ ಅಡ್ಡಾಡಿದ್ದೆಲ್ಲ ಸೇರಿ ಇಷ್ಟಾಗಿರಬೇಕು ಅಂತ ಲೆಕ್ಕ ಹೊಂದಿಸಿಕೊಂಡೆ. ಮೂರು ವಾರ ಹಸಿರು. ಆ ಮೂರು ವಾರ ನಾನು ಎಷ್ಟು ಸಂತೋಷವಾಗಿದ್ದೆ ಅನ್ನುವುದು ಈಗ ನೆನೆದರೆ ಮೈ ಉರಿಯುತ್ತದೆ.

ಮೂರನೇ ವಾರದ ಕೊನೆಗೆ ಆಸ್ಪತ್ರೆಯ ಈ ಏರ್ಪಾಡನ್ನು ನೋಡಿಕೊಳ್ಳುವ ಸಾಹೇಬರು ವಿಡಿಯೋದಲ್ಲಿ ಬಂದರು. ಅವರನ್ನು ನಾನು ಮೊದಲ ಸಲ ನೋಡಿದ್ದು. ನಿಮ್ಮ ಲೆಕ್ಕ ಬಹಳ ಚೆನ್ನಾಗಿದೆ, ಇನ್ನು ನಿಮಗೆ ಮೇಡಂ ಬೇಡ, ಮೇಲಿನ ಹಂತಕ್ಕೆ ಹಾಕಿದ್ದೇವೆ, ನಿಮ್ಮ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ ಕೊಡುತ್ತೇವೆ ಅಂದರು. ಪಕ್ಕದಲ್ಲಿದ್ದ ಮೇಡಂ, ಸರ್, ಕ್ಲಾಸಲ್ಲಿ ನೋಡಿದ್ರೆ ಇನ್ನೆರಡು ತಿಂಗಳು ಬೇಕು ಅನಿಸ್ತದ ಅಂದದ್ದು ನನಗೆ ಕೇಳಿಸಿತು. ಸಾಹೇಬರು ತೆರೆಯ ಮೇಲೆ ಏರಿದ್ದ ಹೆಜ್ಜೆ ಲೆಕ್ಕದ ಗೆರೆ ತೋರಿಸಿದರು. ಅಲ್ಲಿಗೆ ಮುಗಿಯಿತು.

ಮೇಲಿನ ಹಂತ ಅಂದರೆ ಮೊದಲೇ ತೆಗೆದಿಟ್ಟ ವಿಡಿಯೋ. ಯಾವುದೋ ತಂಪು ದೇಶದಲ್ಲಿ, ಮರದ ಹಲಗೆಯ ನೆಲದ ಮೇಲೆ, ಸ್ವೆಟರು ಹಾಕಿಕೊಂಡ ಹೆಂಗಸು. ಮೇಲೆ ಪುಸ್ತಕದ ಕನ್ನಡ. "ಈಗ ನಿಮ್ಮ ತೋಟಕ್ಕೆ ಹೋಗಿ ಹಿತವಾದ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ನಡೆಯಿರಿ" ಅನ್ನುತ್ತಾಳೆ. ಸಿರುಗುಪ್ಪದ ಮೇ ತಿಂಗಳಲ್ಲಿ ಹಿತವಾದ ಬಿಸಿಲನ್ನು ನಾನು ಎಲ್ಲಿಂದ ತರಲಿ? ನಾನು ಬಿದ್ದರೂ ಆಕೆ ನಗುತ್ತಲೇ ಇರುತ್ತಾಳೆ, ಸಾಕು ಅನ್ನುವುದಿಲ್ಲ.

ಆದರೂ ನಾನು ಮೇಲಿನ ಹಂತದವಳಲ್ಲವೇ. ಆ ಜಂಬದಲ್ಲಿ, ಅವ್ವನಿಗೆ ನಡೆದು ತೋರಿಸಬೇಕು ಅಂತ ಕುರುಗೋಡಿಗೆ ಹೊರಟೆ. ಬೆಳಗಿನ ಬಸ್ಸು ಇಳಿದಾಗ ಒಂಬತ್ತರ ಹತ್ತಿರ. ಆಟೋದವನು ಬರ್ರೀ ಅಕ್ಕಾರ ಅಂದ, ಬ್ಯಾಡಪ್ಪ ಅಂದೆ. ಬಸ್‌ಸ್ಟ್ಯಾಂಡಿನಿಂದ ತವರಿಗೆ ನಾನು ಶಾಲೆಗೆ ಹೋಗುವಾಗ ಕುಣಿದುಕೊಂಡು ಹೋಗುತ್ತಿದ್ದ ದಾರಿ. ಅರ್ಧ ದಾರಿಗೆ ಬಲಗಾಲು ಎಳೆಯಿತು, ಇನ್ನು ಹತ್ತು ಹೆಜ್ಜೆಗೆ ಎಡಗಾಲು. ಚಹಾದಂಗಡಿಯ ಮುಂದೆ ನೇರ ಮೊಣಕಾಲ ಮೇಲೆ ಬಿದ್ದೆ. ನಾಲಿಗೆಯೂ ತೊದಲಿತು. ಬೆಂಚಿನ ಮೇಲೆ ಕುಳಿತವನೊಬ್ಬ, ಹೊತ್ತೇರೋದರಾಗ ಹಾಕ್ಕೊಂಡು ಬಂದಾಳ ನೋಡು ಅಂದ. ನಾಲ್ಕು ಮಂದಿ ನಕ್ಕರು. ನಾನು ಹುಟ್ಟಿದ ಊರಲ್ಲಿ, ನಮ್ಮಜ್ಜಿ ತಲೆಯೆತ್ತಿ ನಡೆದ ಬೀದಿಯಲ್ಲಿ, ನಾನು ಕುಡುಕಿ. ತೊದಲುವ ನಾಲಿಗೆಯಲ್ಲಿ ಬೈದರೆ ಅದೂ ಕುಡುಕಿಯ ಬೈಗುಳವೇ ಆಗುತ್ತದಲ್ಲ, ಅದಕ್ಕೇ ಬಾಯಿ ಬಿಗಿಹಿಡಿದೆ. ಅವತ್ತು ಬೈಯದೆ ಉಳಿದದ್ದೆಲ್ಲ ಇನ್ನೂ ಗಂಟಲಲ್ಲಿದೆ.

ಅವ್ವ ಆಟೋದಲ್ಲಿ ಬಂದು ಕರೆದುಕೊಂಡು ಹೋದಳು. ಮರುದಿನ ನನ್ನನ್ನು ಸಿರುಗುಪ್ಪಕ್ಕೆ ತಂದು ಬಿಟ್ಟಳು. ಮೊಣಕಾಲು ಹಲಸಿನಕಾಯಿಯ ಹಾಗೆ ಊದಿತ್ತು. ಎರಡು ದಿನ ಮಂಚ ಬಿಟ್ಟು ಇಳಿಯಲಿಲ್ಲ, ಅತ್ತೆಯ ಕೋಣೆಯಲ್ಲಿದ್ದ ಪಟ್ಟಿಯನ್ನು ತರಿಸಿ ಕಾಲಿಗೆ ಕಟ್ಟಲೂ ಇಲ್ಲ. ಎರಡನೇ ದಿನ ಸಂಜೆ ಅತ್ತೆ ಮಿಲ್ಲಿಂದ ಬಂದರು. ಕೈಯಲ್ಲಿ ಬುತ್ತಿ ಡಬ್ಬಿ. ಅವರು ಹೊಸ್ತಿಲು ದಾಟಿ ಒಳಗೆ ಕಾಲಿಡುವುದಕ್ಕೂ, ನನ್ನ ದಿಂಬಿನ ಪಕ್ಕದ ಫೋನು ಕೂಗುವುದಕ್ಕೂ ಸರಿಹೋಯಿತು. ಅಭಿನಂದನೆಗಳು, ಇಂದು ನೀವು ಗುರಿಗಿಂತ ಹೆಚ್ಚು ನಡೆದಿದ್ದೀರಿ.

ನಾನು ಫೋನು ನೋಡಿದೆ. ಊದಿದ ಮೊಣಕಾಲು ನೋಡಿದೆ. ಆಮೇಲೆ ಅತ್ತೆಯ ಸೀರೆಯ ಅಂಚು ನೋಡಿದೆ. ಕೆಲಸದಲ್ಲಿ ಮೇಲೆ ಸಿಕ್ಕಿಸಿದ್ದನ್ನು ಇನ್ನೂ ಇಳಿಸಿರಲಿಲ್ಲ. ಕೆಳಗೆ ಗೆಣ್ಣಿನ ಮೇಲೆ ಪಟ್ಟಿ, ಅದರ ಸಂದಿಯಲ್ಲಿ ಭತ್ತದ ಹೊಟ್ಟು.

"ಎಷ್ಟು ದಿನದಿಂದ?" ಅಂದೆ.

ಅವರು ಸುಳ್ಳು ಹೇಳಲಿಲ್ಲ, ಪಟ್ಟಿ ಇಸಕೊಂಡ ನಾಲ್ಕನೇ ದಿನದಿಂದ ಅಂದರು. ಬುತ್ತಿ ಡಬ್ಬಿ ಕೆಳಗಿಟ್ಟು, ಮಂಚದ ಕಾಲ ಹತ್ತಿರ ಕುಳಿತರು. ಕೆಂಪು ಬಂದ ದಿನದಿಂದ ಅವರಿಗೆ ಊಟ ಸೇರಿರಲಿಲ್ಲವಂತೆ. ಮಿಲ್ಲಿನಲ್ಲಿ ಸಾಲು ಮುಗಿಸದವಳ ಹೆಸರನ್ನು ಮೇಸ್ತ್ರಿ ಹೊಡೆದುಹಾಕುತ್ತಾನೆ, ಬಳ್ಳಾರಿಯವರೂ ಹಾಗೇ ಹೊಡೆದುಹಾಕುತ್ತಾರೆ ಅಂದುಕೊಂಡಿದ್ದರು.

"ಮಿಲ್ಲಿನಾಗ ಒಬ್ಬಾಕಿಗೆ ಕೈಲಾಗಲಿಲ್ಲಂದ್ರ ಬಾಜೂದಾಕಿ ಆಕಿ ಸಾಲೂ ಮುಗಿಸಿ ಕೊಡ್ತಾಳವಾ. ನೀ ಜ್ವರ ಬಂದು ಮಲಗಿದಾಗ ನಮ್ಮ ಮನ್ಯಾಗ ನಿನ್ನ ಪಾಲಿನ ಕೆಲಸ ನಾ ಮಾಡಲಿಲ್ಲೇನು? ಇದರಾಗ ಕಳವು ಏನೈತಿ?"

"ಭತ್ತದ ಸಾಲು ಮುಗಿಸಬಹುದು ಅತ್ತಿ. ಇದು ನನ್ನ ಕಾಲು."

"ನಿನ್ನ ಹೆಸರು ಉಳೀಲಿ ಅಂತ ಮಾಡಿದ್ನಲ್ಲವಾ."

"ಹೆಸರು ಉಳೀತು. ನಾ ಬಿದ್ದೆ."

ಆಮೇಲೆ ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ, ಬರೆಯುವಂಥದ್ದಲ್ಲ. ಅವರು ಒಂದಕ್ಕೂ ಎದುರಾಡಲಿಲ್ಲ. ಅದು ಇನ್ನೂ ಸಿಟ್ಟು ಬರಿಸಿತು. ಎದುರಾಡಿದ್ದರೆ ಅರ್ಧ ಇಳಿಯುತ್ತಿತ್ತೋ ಏನೋ.

ನನ್ನ ಗಂಡ ಕುಡತಿನಿಯ ವಿದ್ಯುತ್ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು, ವಾರಕ್ಕೆ ಎರಡು ಸಲ ಮನೆಗೆ ಬರುವವರು. ಫೋನು ಮಾಡಿ ನಿಮ್ಮವ್ವ ಏನು ಮಾಡ್ಯಾರ ಗೊತ್ತೈತಾ ಅಂದೆ. ಏನು ಮಾಡ್ಯಾಳ ಅಂತ ಅವರು ಕೇಳಲೇ ಇಲ್ಲ. ಅದರಲ್ಲೇ ನನಗೆ ಗೊತ್ತಾಯಿತು. ಅವ್ವ ಹೇಳಿದ್ಲು, ನೀ ಭಾಳ ಖುಷಿಯಾಗಿದ್ದಿ, ಹೆಂಗ ಹೇಳಲಿ ಅಂದರು. ಫೋನು ಇಟ್ಟುಬಿಟ್ಟೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿಲ್ಲದ್ದು, ನನ್ನದೇ ಕಾಲಿನ ಸುದ್ದಿ.

ಮೇಡಮ್ಮಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಕ್ಲಾಸು ಮತ್ತೆ ಸಿಗಬೇಕಾದ್ರೆ ಸಾಹೇಬರು ಒಪ್ಪಬೇಕು ಅಕ್ಕಾ, ನೀವೇ ಬಂದು ಹೇಳಿದ್ರೆ ಚಲೋ ಅಂದರು. ಊತ ಇಳಿದ ಮೇಲೆ ಹೊರಟೆ. ಅತ್ತೆ ಕರೆಯದೇ ಬಂದರು, ಅವತ್ತಿನ ಮಿಲ್ಲಿನ ಕೆಲಸ ಬಿಟ್ಟು. ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನು, ಈ ಪಕ್ಕ ಅವರು. ಬಳ್ಳಾರಿಯ ತನಕ ಒಂದು ಮಾತಿಲ್ಲ. ಅವರು ಮಾತ್ರ ಆಗಾಗ ಬಾಟಲಿಯ ನೀರಲ್ಲಿ ಟವೆಲ್ಲು ಅದ್ದಿ ನನ್ನ ತೊಡೆಯ ಮೇಲೆ ಇಡುತ್ತಿದ್ದರು. ನಾನು ತೆಗೆದುಕೊಂಡು ಕೊರಳಿಗೆ ಸುತ್ತಿಕೊಳ್ಳುತ್ತಿದ್ದೆ, ಅವರ ಮುಖ ನೋಡದೆ.

ಸಾಹೇಬರ ಕೋಣೆಯಲ್ಲಿ ಏಸಿ ಇತ್ತು. ಎಲ್ಲ ಕೇಳಿ ಅವರು ಕುರ್ಚಿಗೆ ಒರಗಿದರು. ಬೇರೆಯವರು ಪಟ್ಟಿ ಕಟ್ಟಿಕೊಂಡರೆ ಹೆಸರು ತೆಗೆಯುವುದು ನಿಯಮ, ಇದು ಮೋಸ ಅಂತಲೇ ಆಗುತ್ತದೆ, ಮತ್ತೆ ಅರ್ಜಿ ಹಾಕಿ ಸರದಿಯಲ್ಲಿ ಕಾಯಿರಿ ಅಂದರು. ಬಾಗಿಲ ಹತ್ತಿರ ನಿಂತ ಅತ್ತೆ ಎರಡೂ ಕೈ ಜೋಡಿಸಿದರು. ತಪ್ಪು ನಂದ್ರೀ ಸಾಹೇಬರ, ಆಕಿಗೆ ಏನೂ ಗೊತ್ತಿಲ್ಲ ಅಂದರು. ಅವರು ಕೈ ಜೋಡಿಸಿದ್ದನ್ನು ನೋಡಿ, ಅಷ್ಟು ದಿನ ಅವರ ಮೇಲಿದ್ದ ಸಿಟ್ಟು ಮೇಜಿನ ಆ ಕಡೆಗೆ ಹಾಯ್ದುಬಿಟ್ಟಿತು.

"ಅತ್ತಿ, ಕೈ ಇಳಸ್ರಿ" ಅಂದೆ. ಆಮೇಲೆ ಮೇಜಿನ ಕಡೆ ತಿರುಗಿ ಹೇಳಿದೆ. "ಸಾಹೇಬರ, ಆ ಹೆಜ್ಜಿ ಯಾವ ಹೊತ್ತಿನಾಗ ಬಿದ್ದಾವ ಒಮ್ಮೆ ತೆಗೆದು ನೋಡ್ರಿ."

ಮೇಡಂ ಕಂಪ್ಯೂಟರಿನಲ್ಲಿ ತೆಗೆದರು. ದಿನಾ ಹನ್ನೊಂದರಿಂದ ನಾಲ್ಕರ ತನಕ, ಒಂದು ದಿನವೂ ತಪ್ಪದೆ.

"ಈ ಬ್ಯಾನಿ ಇದ್ದೋರು ಬಿಸಿಲಿಗೆ ಹೋಗಬಾರದು ಅಂತ ನನಗೆ ಹೇಳಿದೋರು ನೀವ. ಮೇ ತಿಂಗಳ ನಡುಮಧ್ಯಾಹ್ನ ಮೂರು ವಾರ ನಾ ನಡದೀನಿ ಅಂತ ನಿಮ್ಮ ಮಷೀನು ಹೇಳ್ತು. ಒಬ್ಬರಿಗರ ಅನುಮಾನ ಬಂತೇನ್ರಿ? ಒಂದು ಫೋನು ಮಾಡಿ ಏನವಾ ಬದುಕಿದ್ದೀಯೇನು ಅಂತ ಕೇಳಿದ್ರೇನು? ನಮ್ಮತ್ತಿ ಅಕ್ಷರ ಬರದಾಕಿ, ಆಕಿ ತಿಳೀದ ಮಾಡ್ಯಾಳ. ನೀವು ತಿಳಿದೋರು, ನೋಡದ ಮಾಡೀರಿ."

ನನ್ನ ದನಿ ಹೊರಗಿನ ಪಡಸಾಲೆಗೂ ಕೇಳಿರಬೇಕು, ಯಾರೋ ಬಾಗಿಲಲ್ಲಿ ಇಣುಕಿದರು. ಸಾಹೇಬರು ಸ್ವಲ್ಪ ಹೊತ್ತು ಆ ಗೆರೆಯನ್ನು ನೋಡಿದರು. ಕೊನೆಗೆ, ಹೊಸದಾಗಿ ಪರೀಕ್ಷೆ ಮಾಡೋಣ, ಈಗಲೇ ನಡೆದು ತೋರಿಸಿ, ನಿಜವಾಗಿ ಬೇಕು ಅಂತ ಕಂಡರೆ ಕ್ಲಾಸು ಮತ್ತೆ ಕೊಡಿಸುತ್ತೇನೆ ಅಂದರು. ನಿಜವಾಗಿ ಬೇಕು ಅಂತ ಕಂಡರೆ. ಅಂದರೆ ಜಾಗ ಸಿಗಬೇಕಾದರೆ ಕೆಟ್ಟಿದ್ದೇನೆ ಅಂತ ತೋರಿಸಬೇಕು, ಸಿಕ್ಕ ಜಾಗ ಉಳಿಯಬೇಕಾದರೆ ಸುಧಾರಿಸಿದ್ದೇನೆ ಅಂತ ತೋರಿಸಬೇಕು, ಬಹಳ ಸುಧಾರಿಸಿದರೆ ಮತ್ತೆ ಕಿತ್ತುಕೊಳ್ಳುತ್ತಾರೆ. ಇದನ್ನು ಕಟ್ಟಿದ ಪುಣ್ಯಾತ್ಮರು ಒಂದು ದಿನ ನನ್ನ ಕಾಲಲ್ಲಿ ನಡೆದು ನೋಡಬೇಕು.

ಪಡಸಾಲೆಯಲ್ಲಿ ಮೇಡಂ ನೆಲಕ್ಕೆ ಟೇಪು ಅಂಟಿಸಿದರು, ಈ ತುದಿಗೊಂದು, ಆ ತುದಿಗೊಂದು. ಗಡಿಯಾರ ಹಿಡಿದು ನಿಂತರು. ಬಸ್ಸಿನ ಕಾವು ಇನ್ನೂ ಮೈಯಿಂದ ಹೋಗಿರಲಿಲ್ಲ. ಅತ್ತೆ ರಟ್ಟೆ ಹಿಡಿಯಲು ಬಂದರು. ಮುಟ್ಟಬ್ಯಾಡ್ರಿ ಅಂದೆ. ಅವರು ಗೋಡೆಗೆ ಹೋಗಿ ನಿಂತರು.

ಹೊರಟೆ. ಬಲಗಾಲು ಎತ್ತಲು ಹೋದರೆ ಸೊಂಟ ಏಳುತ್ತಿತ್ತು, ಪಾದ ಏಳುತ್ತಿರಲಿಲ್ಲ. ಎರಡು ಸಲ ನಿಂತೆ. ಮನೆಯಲ್ಲಿ ನಾನು ಯಾವತ್ತೂ ಗೋಡೆಯ ಮಗ್ಗುಲಲ್ಲೋ, ಬಾಗಿಲ ಮರೆಯಲ್ಲೋ ನಡೆದವಳು. ಅತ್ತೆ ಇದನ್ನು ಇಡಿಯಾಗಿ ನೋಡಿದ್ದು ಅವತ್ತೇ. ಆ ತುದಿ ಮುಟ್ಟಿ ಕಿಟಕಿಯ ಸರಳು ಹಿಡಿದೆ. ಮೇಡಂ ಹೇಳಿದ ಸಮಯ ಒಂದು ವರ್ಷದ ಹಿಂದಿನದಕ್ಕಿಂತ ಕೆಟ್ಟದಾಗಿತ್ತು. ತಿರುಗಿ ನೋಡಿದರೆ ಸಾಹೇಬರು ತಮ್ಮ ಫೋನಿನಲ್ಲಿ ಏನೋ ಒತ್ತುತ್ತಿದ್ದರು. ತಲೆಯೆತ್ತಿ, ಮುಗೀತಾ, ಇನ್ನೊಮ್ಮೆ ನಡೆಯಲು ಆಗುತ್ತಾ ಅಂದರು.

"ಫೋನು ಕಿಸೇಕ ಹಾಕ್ರಿ. ಹಾಕಿದ ಮ್ಯಾಲ ನಡೀತೀನಿ."

ಪಡಸಾಲೆಯಲ್ಲಿ ಬೆಂಚಿನ ಮೇಲಿದ್ದವರೆಲ್ಲ ಇತ್ತ ತಿರುಗಿದರು. ಸಾಹೇಬರು ನನ್ನನ್ನು ನೋಡಿದರು, ಮೇಡಮ್ಮನ್ನು ನೋಡಿದರು. ಫೋನು ಕಿಸೆಗೆ ಹೋಯಿತು. ನಾನು ಸರಳು ಬಿಟ್ಟೆ.

ವಾಪಸ್ಸು ಬರುವಾಗ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಸಾಹೇಬರು ಪೂರ್ತಿ ನೋಡಿದರು, ನಡುವೆ ಎಲ್ಲೂ ಕಣ್ಣು ತೆಗೆಯಲಿಲ್ಲ. ಅವರ ಮುಖ ಏನಾಯಿತು ಅಂತ ನೋಡುವಷ್ಟು ಪುರಸೊತ್ತು ನನಗಿರಲಿಲ್ಲ, ನಾನು ನೆಲದ ಟೇಪು ನೋಡುತ್ತಿದ್ದೆ. ಈ ತುದಿ ಮುಟ್ಟಿದಾಗ ಅವರೇ ಮೇಡಮ್ಮಿನ ಕೈಯಿಂದ ಹಾಳೆ ತೆಗೆದುಕೊಂಡು ಪೆನ್ನಿನಲ್ಲಿ ಬರೆದರು. ಸೋಮವಾರ ಆರೂವರೆಗೆ ನಾನೇ ಬರ್ತೀನಿ ಅಕ್ಕಾ ಅಂದರು ಮೇಡಂ.

"ಅತ್ತಿ, ಕುರ್ಚಿ" ಅಂದೆ. ಆ ಪಟ್ಟಿ ಕಂಡ ಸಂಜೆಯಿಂದ ಈಚೆಗೆ ಅವರ ಜೊತೆ ನಾನಾಡಿದ ಮೊದಲ ಮೆತ್ತನೆಯ ಮಾತು ಅದೇ. ಮೆತ್ತಗಾದದ್ದು ಸುಸ್ತಿಗೆ, ಸಿಟ್ಟು ಇಳಿದು ಅಲ್ಲ. ಅವರು ಓಡಿ ತಂದರು.